ವಿಂಡೋಸ್ ಮುಟ್ಟಿದರೆ ಮೈಲಿಗೆಯೇ?

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿ ಬದಲಾಗಿದೆ. ಲಿನಕ್ಸ್ ಹಾಕಿಕೊಳ್ಳುವುದು ಹೇಗೆ ಎಂದು ಕೇಳುತ್ತಿದ್ದವರು ಈಗ, ಹಾಕಿಕೊಳ್ಳದವರ ಜೊತೆ ಹೇಗೆ ನಡೆದುಕೊಳ್ಳಬೇಕು ಎಂದು ಕೇಳುತ್ತಿದ್ದಾರೆ. ದೆಹಲಿ ಮತ್ತು ಸುತ್ತಲಿನ ಊರುಗಳ ಕನ್ನಡಿಗರ ಅಂಥ ಪತ್ರಗಳನ್ನೆಲ್ಲ ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಪತ್ರಗಳನ್ನು ಮೊಟಕುಗೊಳಿಸಿದ್ದೇನೆ, ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ಹಳೆಯ ನುಡಿ ಕಡತಗಳನ್ನು ಯೂನಿಕೋಡ್‌ಗೆ ತರುವ ಪುಟ್ಟ ತಂತ್ರಾಂಶವೊಂದನ್ನು ಬರೆದು ಜಿಪಿಎಲ್ ಪರವಾನಗಿಯಲ್ಲಿ ಬಿಟ್ಟಿದ್ದೇನೆ. ಅದು ಓಡುವುದು ಲಿನಕ್ಸ್‌ನಲ್ಲಿ, ಬೇಕಾಗಿರುವವರು ಬಹುಪಾಲು ವಿಂಡೋಸ್‌ನವರು. ವಿಂಡೋಸ್ ಆವೃತ್ತಿ ಮಾಡುತ್ತೇನೆಂದರೆ ಗೆಳೆಯನೊಬ್ಬ, ‘ಬೆಳಗ್ಗೆ ಸ್ವಾತಂತ್ರ್ಯದ ಭಾಷಣ, ಸಂಜೆ ಮೈಕ್ರೋಸಾಫ್ಟ್ ಸೇವೆ’ ಎಂದು ಹಂಗಿಸುತ್ತಾನೆ. ನನ್ನ ನಿಲುವಿನಲ್ಲಿ ಬಿರುಕಿದೆಯೇ?
— ತಂತ್ರಾಂಶ ಉದ್ಯೋಗಿ, ಗುರುಗ್ರಾಮ

ಬಿರುಕಿಲ್ಲ. ಆದರೆ ಗೆಳೆಯನ ಚುಚ್ಚುಮಾತಿನೊಳಗೆ ಒಂದು ನ್ಯಾಯವಾದ ಅನುಮಾನವೂ ಇದೆ, ಅದನ್ನು ತಳ್ಳಿಹಾಕಬೇಡಿ.

ರಿಚರ್ಡ್ ಸ್ಟಾಲ್ಮನ್ 1983ರ ಸೆಪ್ಟೆಂಬರ್‌ನಲ್ಲಿ ಗ್ನೂ ಯೋಜನೆಯನ್ನು ಘೋಷಿಸಿದಾಗ ಅದರ ಕೆಲಸ ನಡೆಯಬೇಕಾಗಿದ್ದುದೇ ಸ್ವಾಮ್ಯದ ಯುನಿಕ್ಸ್ ಯಂತ್ರಗಳ ಮೇಲೆ. ಗ್ನೂ ಇಮ್ಯಾಕ್ಸ್, ಜಿಸಿಸಿ ಕಂಪೈಲರ್ ಎರಡೂ ಕಣ್ಣುಬಿಟ್ಟದ್ದು ಅಲ್ಲಿಯೇ. ಯುನಿಕ್ಸ್‌ಗೆ ಬದಲಿಯನ್ನು ಕಟ್ಟುವುದಕ್ಕಾಗಿ ಯುನಿಕ್ಸ್ ಬಳಸಿದರೆ ತಪ್ಪಿಲ್ಲ, ಬದಲಿ ಸಿದ್ಧವಾದ ದಿನ ಆ ವಿನಾಯಿತಿ ಮುಗಿಯುತ್ತದೆ ಎಂಬುದು ಸ್ಟಾಲ್ಮನ್ ವಾದ. 1990ರ ದಶಕದ ಆರಂಭದಲ್ಲಿ ಸನ್ ಕಂಪನಿ ಸೋಲಾರಿಸ್ ಜೊತೆಗೆ ಕಂಪೈಲರ್ ಕೊಡುವುದನ್ನು ಬಿಟ್ಟು ಅದನ್ನು ಪ್ರತ್ಯೇಕವಾಗಿ ಮಾರತೊಡಗಿದಾಗ ಜಿಸಿಸಿಯ ಕಡೆಗೆ ಜನ ಹರಿದುಬಂದರು. ಸ್ವಾಮ್ಯದ ಯಂತ್ರಗಳ ಮುಂದೆ ಕೂತಿದ್ದ ಅವರಿಗೆ ‘ಮೊದಲು ಯಂತ್ರ ಬಿಟ್ಟು ಬನ್ನಿ’ ಎಂದಿದ್ದರೆ ಜಿಸಿಸಿ ಅಷ್ಟು ಬೇಗ ಬೆಳೆಯುತ್ತಿರಲಿಲ್ಲ.

ಹಾಗೆಂದು ಗ್ನೂ ಗೆರೆಯನ್ನೇ ಎಳೆಯಲಿಲ್ಲ ಎಂದಲ್ಲ. ಬೇರೆ ವ್ಯವಸ್ಥೆಗಳಿಗೆ ಬೆಂಬಲ ಕೊಡುವುದು ಐಚ್ಛಿಕ, ಗ್ನೂ ವ್ಯವಸ್ಥೆಗೇ ಅಗ್ರಸ್ಥಾನ ಎಂಬುದು ಅದರ ನಿಯಮ. ಈ ನಿಯಮ ಎಷ್ಟು ಬಿಗಿ ಎಂಬುದು ಗೊತ್ತಾದದ್ದು 2016ರ ಇಮ್ಯಾಕ್ಸ್ 25.1ರಲ್ಲಿ. ಬಣ್ಣದ ಎಮೋಜಿ ಮ್ಯಾಕ್‌ನಲ್ಲಿ ಕಾಣಿಸುತ್ತಿದ್ದವು, ಗ್ನೂ/ಲಿನಕ್ಸ್‌ನಲ್ಲಿ ಇಮ್ಯಾಕ್ಸ್‌ಗೆ ಆ ಶಕ್ತಿ ಇನ್ನೂ ಬಂದಿರಲಿಲ್ಲ. ನಿರ್ವಾಹಕರು ಮ್ಯಾಕ್‌ನಲ್ಲೂ ಅದನ್ನು ನಿಲ್ಲಿಸಿದರು. ಸ್ವತಂತ್ರ ವ್ಯವಸ್ಥೆಗಳಿಗೆ ಆ ಸೌಲಭ್ಯ ಬಂದ ಮೇಲೆ, 2020ರ 27.1ರಲ್ಲಿ, ಮ್ಯಾಕ್‌ಗೂ ಮರಳಿತು. ಓಡುತ್ತಿದ್ದುದನ್ನು ಕಿತ್ತುಕೊಂಡದ್ದು ನನಗೆ ಹಿಡಿಸಲಿಲ್ಲ. ಅದರಿಂದ ಮ್ಯಾಕ್ ಬಳಕೆದಾರ ಕಲಿತದ್ದು ಸಿಡುಕುವುದನ್ನು ಮಾತ್ರ. ಆದರೂ ಹಿಂದಿನ ತರ್ಕ ಗಟ್ಟಿಯಾದದ್ದು: ಸ್ವತಂತ್ರ ವ್ಯವಸ್ಥೆಯನ್ನು ಆರಿಸಿಕೊಂಡವನು ನಮ್ಮ ಮನೆಯಲ್ಲೇ ಎರಡನೆಯ ಪಂಕ್ತಿಯಲ್ಲಿ ಕೂರಬಾರದು.

ಸ್ವತಂತ್ರ ತಂತ್ರಾಂಶವನ್ನು ಮಡಿಯ ಹಾಗೆ ಆಚರಿಸುವವರಿದ್ದಾರೆ. ಮುಟ್ಟಿದರೆ ಮೈಲಿಗೆ, ಮಿಂದರೆ ಶುದ್ಧ. ಮಡಿ ಆಚರಿಸುವವನ ಮೈ ಕಾಯುತ್ತದೆ, ಪಕ್ಕದವನಿಗೆ ಅದರಿಂದ ಏನೂ ಆಗದು. ನೀವು ನೋಡಬೇಕಾದದ್ದು ಆ ಪಕ್ಕದವನನ್ನು. ನಿಮ್ಮ ತಂತ್ರಾಂಶ ಬಂದ ಮೇಲೆ ಅವನ ಕಟ್ಟು ಸಡಿಲಾಯಿತೋ, ಬಿಗಿಯಾಯಿತೋ? ನುಡಿ ಕಡತ ಯೂನಿಕೋಡ್ ಆದರೆ ನಾಳೆ ಅವನು ಯಾವ ಯಂತ್ರಕ್ಕೆ ಬೇಕಾದರೂ ಹೋಗಬಲ್ಲ. ಹಾಗಾಗಿ ವಿಂಡೋಸ್ ಆವೃತ್ತಿ ಖಂಡಿತ ಮಾಡಿ. ಅದೇ ಕೆಲಸವನ್ನು ಮೈಕ್ರೋಸಾಫ್ಟ್ ವರ್ಡ್‌ನೊಳಗೆ ಮಾತ್ರ ಓಡುವ ಮ್ಯಾಕ್ರೋ ಆಗಿ ಬರೆದಿದ್ದರೆ ಗೆಳೆಯನ ಪಕ್ಷಕ್ಕೆ ನಾನೇ ಸೇರುತ್ತಿದ್ದೆ. 2004ರಲ್ಲಿ ಸ್ಟಾಲ್ಮನ್ ‘ಜಾವಾ ಬಲೆ’ ಎಂದು ಎಚ್ಚರಿಸಿದ್ದು ಇಂಥದ್ದರ ಬಗ್ಗೆಯೇ. ಪರವಾನಗಿ ಸ್ವತಂತ್ರವಾಗಿದ್ದರೂ, ಓಡಲು ಮುಚ್ಚಿದ ವೇದಿಕೆಯೇ ಬೇಕಾದ ತಂತ್ರಾಂಶ ಸ್ವತಂತ್ರ ವ್ಯವಸ್ಥೆಗೆ ಉಪಯೋಗವಿಲ್ಲ. ಸನ್ ತನ್ನ ಜಾವಾವನ್ನೇ ಜಿಪಿಎಲ್ ಅಡಿ ಬಿಡಲು 2006ರಲ್ಲಿ ಶುರುಮಾಡಿದ ಮೇಲೆ ಆ ಬಲೆ ಬಿಚ್ಚಿಕೊಂಡಿತು.

ಪ್ರಶ್ನೆ: ಮುಚ್ಚಿದ ಆಪರೇಟಿಂಗ್ ಸಿಸ್ಟಮ್ ಮೇಲೆ ಜಿಪಿಎಲ್ ತಂತ್ರಾಂಶ ಓಡಿಸುವುದಕ್ಕೆ ಕಾನೂನಿನ ತೊಡಕಿಲ್ಲವೇ? ವಿಂಡೋಸ್‌ನ ಲೈಬ್ರರಿಗಳ ಮೂಲ ಸಂಕೇತವನ್ನು ನಾನು ಎಲ್ಲಿಂದ ತಂದುಕೊಡಲಿ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ನೋಯ್ಡಾ

ನೀವು ತಂದುಕೊಡಬೇಕಾಗಿಲ್ಲ. ಈ ತೊಡಕು ಬರುತ್ತದೆಂದು ಪರವಾನಗಿ ಬರೆದವರಿಗೇ ಗೊತ್ತಿತ್ತು. 1991ರ ಜಿಪಿಎಲ್ ಎರಡನೆಯ ಆವೃತ್ತಿಯಲ್ಲೇ ಒಂದು ವಿಶೇಷ ವಿನಾಯಿತಿ ಇದೆ: ಆಪರೇಟಿಂಗ್ ಸಿಸ್ಟಮ್‌ನ ಮುಖ್ಯ ಭಾಗಗಳ ಜೊತೆಗೆ ಸಾಮಾನ್ಯವಾಗಿ ಬರುವುದರ ಮೂಲ ಸಂಕೇತವನ್ನು ನೀವು ಹಂಚಬೇಕಿಲ್ಲ. 2007ರ ಮೂರನೆಯ ಆವೃತ್ತಿ ಇದನ್ನೇ ‘ಸಿಸ್ಟಮ್ ಲೈಬ್ರರಿ’ ಎಂಬ ಹೆಸರಿನಲ್ಲಿ ಇನ್ನಷ್ಟು ಸ್ಪಷ್ಟವಾಗಿ ಹೇಳಿತು.

ಇದಕ್ಕೂ ಮಿತಿ ಇದೆ. ಮೈಕ್ರೋಸಾಫ್ಟ್ ವಿಶುವಲ್ ಸಿ++ ರನ್‌ಟೈಮ್ ಲೈಬ್ರರಿಗೆ ನಿಮ್ಮ ತಂತ್ರಾಂಶವನ್ನು ಜೋಡಿಸಬಹುದು, ಆ ಡಿಎಲ್ಎಲ್ ಕಡತಗಳನ್ನು ನಿಮ್ಮ ಪೊಟ್ಟಣದಲ್ಲೇ ಸೇರಿಸಿ ಹಂಚುವಂತಿಲ್ಲ ಎಂಬುದು ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಕೊಡುವ ಉತ್ತರ. ಮಿಂಗ್‌ಡಬ್ಲ್ಯೂ ಎಂಬ ಸ್ವತಂತ್ರ ಕಂಪೈಲರ್ ಸರಣಿ ಬಳಸಿದರೆ ಈ ಪೇಚಿನಿಂದ ಹೆಚ್ಚುಕಡಿಮೆ ಪಾರಾಗುತ್ತೀರಿ. ಲಿನಕ್ಸ್‌ನಲ್ಲಿ ಕೂತುಕೊಂಡೇ ವಿಂಡೋಸ್ ಆವೃತ್ತಿಯನ್ನು ತಯಾರಿಸಬಹುದು ಎಂಬುದು ಮೇಲುಲಾಭ.

ನಿಜವಾದ ಘರ್ಷಣೆ ಹುಟ್ಟುವುದು ಆ್ಯಪ್ ಅಂಗಡಿಗಳಲ್ಲಿ. ವಿಎಲ್‌ಸಿ ಪ್ಲೇಯರನ್ನು ಆ್ಯಪಲ್ ಅಂಗಡಿಯಿಂದ 2011ರ ಜನವರಿಯಲ್ಲಿ ತೆಗೆದುಹಾಕಿದ್ದು ಅದರ ಅಭಿವರ್ಧಕರಲ್ಲೇ ಒಬ್ಬರು ದೂರು ಕೊಟ್ಟ ಮೇಲೆ. ಅಂಗಡಿ ಬಳಕೆದಾರನ ಮೇಲೆ ಹೇರುವ ನಿರ್ಬಂಧಗಳಿಗೂ ಜಿಪಿಎಲ್ ಕೊಡುವ ಹಕ್ಕುಗಳಿಗೂ ಹೊಂದುವುದಿಲ್ಲ ಎಂಬುದು ಅವರ ವಾದವಾಗಿತ್ತು. ತಂಡ ಪರವಾನಗಿಗಳನ್ನು ಮರುಹೊಂದಿಸಿ 2013ರಲ್ಲಿ ಮತ್ತೆ ಒಳಬಂತು. ಚಿತ್ರ ಬಿಡಿಸುವ ಕ್ರಿತಾ ಇನ್ನೊಂದು ಬಗೆ ಹಿಡಿಯಿತು. ಮೈಕ್ರೋಸಾಫ್ಟ್ ಅಂಗಡಿಯಲ್ಲಿ ಹಣಕ್ಕೆ ಮಾರುತ್ತದೆ, ತನ್ನ ತಾಣದಲ್ಲಿ ಹಣವಿಲ್ಲದೆ ಕೊಡುತ್ತದೆ, ಮೂಲ ಸಂಕೇತ ಎಲ್ಲರಿಗೂ ತೆರೆದಿರುತ್ತದೆ. ಮಾರುವುದಕ್ಕೆ ಜಿಪಿಎಲ್ ಎಂದೂ ಅಡ್ಡಿ ಮಾಡಿಲ್ಲ. ಪರವಾನಗಿಯ ತಕರಾರು ಗಂಭೀರವಾದರೆ, ಈ ವಿಷಯದಲ್ಲೇ ಪಳಗಿದ ಎಸ್‌ಎಫ್‌ಎಲ್‌ಸಿ ಡಾಟ್ ಇನ್ ಸಂಸ್ಥೆ ದೆಹಲಿಯಲ್ಲೇ ಇದೆ.

ಪ್ರಶ್ನೆ: ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಅನ್ನ ಕೊಡುವುದು ಟ್ಯಾಲಿ, ಅದಕ್ಕೆ ವಿಂಡೋಸ್ ಬೇಕು. ಮನೆಯ ಲ್ಯಾಪ್‌ಟಾಪಿನಲ್ಲಿ ಉಬುಂಟು ಇದೆ, ಅದರ ಗುಣಗಾನವನ್ನೂ ಮಾಡುತ್ತೇನೆ. ಇಬ್ಬಂದಿತನ ಎನ್ನುವವರಿಗೆ ಏನು ಹೇಳಲಿ?
— ಲೆಕ್ಕಿಗರು, ಇಂದಿರಾಪುರಂ, ಗಾಜಿಯಾಬಾದ್

‘ನನ್ನ ಅನ್ನವನ್ನು ನೀವು ಹಾಕುತ್ತೀರಾ’ ಎಂದು ಕೇಳಿ. ಬೆಂಗಳೂರಿನ ಟ್ಯಾಲಿ ಮಾತ್ರವಲ್ಲ, ಜಿಎಸ್‌ಟಿಯ ಆಫ್‌ಲೈನ್ ಉಪಕರಣವೂ ವಿಂಡೋಸ್ ಮತ್ತು ಎಕ್ಸೆಲ್ ಬಯಸುತ್ತದೆ. ನೀವು ಈ ಸರಪಳಿಯ ಕೊನೆಯ ಕೊಂಡಿ. ಆಯ್ಕೆ ಮಾಡಿದವರು ಮೇಲಿದ್ದಾರೆ.

ಸ್ವತಂತ್ರ ತಂತ್ರಾಂಶದ ಪಕ್ಷ ವಹಿಸುವವರು ಮೂರು ಸಂಗತಿಗಳನ್ನು ಒಂದೇ ತಕ್ಕಡಿಗೆ ಹಾಕಿ ತೂಗುತ್ತಾರೆ: ಮುಚ್ಚಿದ ತಂತ್ರಾಂಶವನ್ನು ಬಳಸುವುದು, ಶಿಫಾರಸು ಮಾಡುವುದು, ಕಡ್ಡಾಯ ಮಾಡುವುದು. ಬಳಸುವವನು ಕಳೆದುಕೊಳ್ಳುವುದು ತನ್ನ ಸ್ವಾತಂತ್ರ್ಯವನ್ನು. ಶಿಫಾರಸು ಮಾಡುವವನು ಇನ್ನೊಬ್ಬರನ್ನು ಒಳಗೆಳೆಯುತ್ತಾನೆ. ಕಡ್ಡಾಯ ಮಾಡುವವನು ಬೇರೆಯವರ ಆಯ್ಕೆಯನ್ನೇ ಕಿತ್ತುಕೊಳ್ಳುತ್ತಾನೆ. ನೀವಿರುವುದು ಮೊದಲ ಮೆಟ್ಟಿಲಲ್ಲಿ, ಅದೂ ಬೇರೆಯವರು ನಿಲ್ಲಿಸಿದ್ದರಿಂದ.

ನಿಮ್ಮಿಂದ ಆಗುವುದು ಇಷ್ಟು. ಟ್ಯಾಲಿಯಲ್ಲಿರುವ ದತ್ತಾಂಶವನ್ನು ಪ್ರತಿ ಆರ್ಥಿಕ ವರ್ಷದ ಕೊನೆಗೆ ಎಕ್ಸ್‌ಎಂಎಲ್ ಅಥವಾ ಸಿಎಸ್‌ವಿ ರೂಪದಲ್ಲಿ ಹೊರತೆಗೆದು ಗಿರಾಕಿಗೆ ಕೊಡಿ, ಲೆಕ್ಕ ಅವರದು. ವರದಿಗಳನ್ನು ಪಿಡಿಎಫ್‌ನಲ್ಲಿ ಕಳುಹಿಸಿ. ವಿಂಡೋಸನ್ನು ಉಬುಂಟು ಒಳಗೆ ವರ್ಚುವಲ್ ಯಂತ್ರವಾಗಿ, ಪರವಾನಗಿ ಸಹಿತ, ಇಟ್ಟುಕೊಂಡರೆ ಅದು ಟ್ಯಾಲಿಯ ಕೊಠಡಿಯಷ್ಟೇ ಆಗುತ್ತದೆ, ಇಡೀ ಮನೆಯಾಗುವುದಿಲ್ಲ.

ಪ್ರಶ್ನೆ: ಇಲ್ಲಿನ ಕನ್ನಡ ಸಂಘಟನೆಯೊಂದರ ಸ್ಮರಣ ಸಂಚಿಕೆ ನೋಡಿಕೊಳ್ಳುತ್ತೇನೆ. ಹಳೆಯ ಸಂಚಿಕೆಗಳೆಲ್ಲ ನುಡಿ, ಬರಹ, ಪೇಜ್‌ಮೇಕರ್‌ಗಳಲ್ಲಿವೆ. ತರುಣರು ‘ಲಿನಕ್ಸ್‌ಗೆ ಬನ್ನಿ’ ಎನ್ನುತ್ತಾರೆ. ಬಂದರೆ ಹಳೆಯದೆಲ್ಲ ಸತ್ತಂತೆಯೇ?
— ಸಂಪಾದಕಿ, ಫರೀದಾಬಾದ್

ತರುಣರು ಎರಡನೆಯ ಹೆಜ್ಜೆಯನ್ನು ಮೊದಲು ಇಡಿಸುತ್ತಿದ್ದಾರೆ. ನಿಮ್ಮನ್ನು ಕಟ್ಟಿಹಾಕಿರುವುದು ವಿಂಡೋಸ್‌ಗಿಂತ ಹೆಚ್ಚಾಗಿ ಅಕ್ಷರ ಸಂಕೇತ.

ಶೇಷಾದ್ರಿವಾಸು ಅವರ ಬರಹವಾಗಲಿ, ಕನ್ನಡ ಗಣಕ ಪರಿಷತ್ತು ರೂಪಿಸಿದ ಸರ್ಕಾರದ ನುಡಿಯಾಗಲಿ ಆ ಕಾಲಕ್ಕೆ ಮಾಡಿದ ಉಪಕಾರ ಸಣ್ಣದಲ್ಲ. ಅವು ಬಂದದ್ದು ಗಣಕಗಳಲ್ಲಿ ಯೂನಿಕೋಡ್ ಕನ್ನಡ ಇನ್ನೂ ಬೇರೂರದಿದ್ದ ಹೊತ್ತಿನಲ್ಲಿ. ಆದರೆ ಹಳೆಯ ನುಡಿ ಫಾಂಟಿನ ಕಡತದೊಳಗೆ ಇರುವುದು ಕನ್ನಡವಲ್ಲ, ಕನ್ನಡದ ಆಕಾರ ತೊಟ್ಟ ರೋಮನ್ ಅಕ್ಷರ ಮತ್ತು ಚಿಹ್ನೆಗಳು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಬಣ್ಣ ಬಯಲಾಗುತ್ತದೆ. ಅದರಲ್ಲಿ ಹುಡುಕಲಾಗದು, ಅಕಾರಾದಿ ಜೋಡಿಸಲಾಗದು. ವಿಂಡೋಸ್‌ನಲ್ಲೇ ಉಳಿದರೂ ಈ ಕಷ್ಟ ತಪ್ಪಿದ್ದಲ್ಲ.

ಮೊದಲು ಪಠ್ಯವನ್ನು ಬಿಡಿಸಿಕೊಳ್ಳಿ. ಸಂಚಯ ತಂಡದ ಪರಿವರ್ತಕ ಇದಕ್ಕೆಂದೇ ಇದೆ, ಅದರ ಮೂಲ ಸಂಕೇತವೂ ತೆರೆದಿದೆ. ಪರಿವರ್ತನೆಯಾದ ಮೇಲೆ ಅರ್ಕಾವತ್ತುಗಳ ಮೇಲೆ ಕಣ್ಣಿಡಿ. ಹಳೆಯ ಸಂಕೇತದಲ್ಲಿ ಅರ್ಕಾವತ್ತು ವ್ಯಂಜನದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರುತ್ತದೆ. ಸೂರ್ಯ, ಧರ್ಮ, ಕಾರ್ಯಕ್ರಮ ಇಂಥ ಪದಗಳಲ್ಲೇ ಎಡವಟ್ಟು ಹೆಚ್ಚು. ಎರಡೆರಡು ಒತ್ತುಗಳಿರುವ ಪದಗಳನ್ನೂ ಒಮ್ಮೆ ಓದಿ ನೋಡಿ.

ಮುಂದಿನ ಸಂಚಿಕೆಯನ್ನು ಲಿಬ್ರೆಆಫೀಸ್‌ನಲ್ಲಿ ಬೆರಳಚ್ಚಿಸಿ, ನಿಮ್ಮ ಈಗಿನ ವಿಂಡೋಸ್‌ನಲ್ಲೇ. ಪುಟ ಕಟ್ಟಲು ಸ್ಕ್ರೈಬಸ್ 1.6 ಇದೆ, 2024ರ ಜನವರಿಯಲ್ಲಿ ಬಂತು, ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುತ್ತದೆ. ಗುಬ್ಬಿ, ನವಿಲು, ಲೋಹಿತ್‌ನಂಥ ಫಾಂಟುಗಳು ಎರಡೂ ಕಡೆ ಕೆಲಸ ಮಾಡುತ್ತವೆ. ಬೆರಳಿಗೆ ಕಗಪ ಕೀಲಿಮಣೆಯೇ ರೂಢಿಯಾಗಿದ್ದರೆ ಲಿನಕ್ಸ್‌ನ ಐಬಸ್‌ನಲ್ಲೂ ಅದಿದೆ, ಹೊಸದಾಗಿ ಕಲಿಯಬೇಕಿಲ್ಲ. ಇದೇ ಉಪಕರಣಗಳಲ್ಲಿ ಒಂದೆರಡು ಸಂಚಿಕೆ ಹೊರಬಂದರೆ ಆಪರೇಟಿಂಗ್ ಸಿಸ್ಟಮ್ ಬದಲಿಸುವುದು ಒಂದು ಭಾನುವಾರದ ಕೆಲಸ. ವಿಂಡೋಸ್‌ಗೆ ಸ್ವತಂತ್ರ ತಂತ್ರಾಂಶ ಮಾಡಿಕೊಡುವುದರ ಸಾರ್ಥಕತೆ ಇಲ್ಲೇ ಇರುವುದು.

ಪ್ರಶ್ನೆ: ಕೇಂದ್ರ ಸರ್ಕಾರದ ಕಚೇರಿಯೊಂದರಿಂದ ನಿವೃತ್ತನಾದವನು. ಒಂದು ಕಡೆ ಬಾಸ್ ಲಿನಕ್ಸ್, ಮಾಯಾ, 2015ರ ನೀತಿ. ಇನ್ನೊಂದು ಕಡೆ ಮೇಜು ಮೇಜಿನ ಮೇಲೂ ವಿಂಡೋಸ್. ಸರ್ಕಾರಕ್ಕೇ ತತ್ವನಿಷ್ಠೆ ಇಲ್ಲದಿರುವಾಗ ನಮಗೇಕೆ?
— ಓದುಗರು, ಆರ್.ಕೆ. ಪುರಂ

ನೀತಿಯ ಪಠ್ಯವನ್ನು ಸರಿಯಾಗಿ ಓದಿದರೆ ನಿಮ್ಮ ಅಚ್ಚರಿ ಕಡಿಮೆಯಾಗುತ್ತದೆ. 2015ರಲ್ಲಿ ಪ್ರಕಟವಾದ ನೀತಿ ವಿಂಡೋಸನ್ನು ನಿಷೇಧಿಸಲಿಲ್ಲ. ಇ-ಆಡಳಿತದ ಟೆಂಡರುಗಳಲ್ಲಿ ಮುಕ್ತ ತಂತ್ರಾಂಶವನ್ನೂ ಪರಿಗಣಿಸಬೇಕು, ಅದನ್ನು ಕೈಬಿಟ್ಟರೆ ಸರಬರಾಜುದಾರ ಕಾರಣ ಕೊಡಬೇಕು ಎಂದಿತು. ಕಾರಣ ಕೊಡುವುದು ನಮ್ಮ ಕಚೇರಿಗಳಿಗೆ ಕಷ್ಟದ ಕೆಲಸವೇ? ಸಿ-ಡ್ಯಾಕ್ ಡೆಬಿಯನ್ ಆಧಾರದ ಮೇಲೆ ಕಟ್ಟಿದ ಬಾಸ್ 2007ರಿಂದ ಇದೆ. ಉಬುಂಟು ಆಧಾರಿತ ಮಾಯಾವನ್ನು ರಕ್ಷಣಾ ಸಚಿವಾಲಯದ ಗಣಕಗಳಿಗೆ ಹಾಕಲಾಗುತ್ತಿದೆ ಎಂದು 2023ರ ಆಗಸ್ಟ್‌ನಲ್ಲಿ ಪತ್ರಿಕೆಗಳು ವರದಿ ಮಾಡಿದವು. ಆ ವರದಿಗಳು ಕೊಟ್ಟ ಕಾರಣ ಸೈಬರ್ ದಾಳಿಯ ಭಯ, ಬಳಕೆದಾರನ ಸ್ವಾತಂತ್ರ್ಯವಲ್ಲ.

ದೆಹಲಿಯ ಸರ್ಕಾರಿ ಕಟ್ಟಡವೊಂದರಲ್ಲಿ ತತ್ವ ಗಟ್ಟಿಯಾಗಿ ನಿಂತ ಉದಾಹರಣೆಯೂ ಇದೆ. ಬಹಾದುರ್ ಷಾ ಜಫರ್ ಮಾರ್ಗದ ಮಾನಕ ಭವನದಲ್ಲಿ ಭಾರತೀಯ ಮಾನಕ ಬ್ಯೂರೋ ಇದೆಯಲ್ಲ, ಅದು ಮೈಕ್ರೋಸಾಫ್ಟ್‌ನ ಓಓಎಕ್ಸ್‌ಎಂಎಲ್ ಕಡತ ಸ್ವರೂಪವನ್ನು ಅಂತರರಾಷ್ಟ್ರೀಯ ಮಾನಕವಾಗಿಸುವ ಪ್ರಸ್ತಾವಕ್ಕೆ 2007ರಲ್ಲಿ ‘ಇಲ್ಲ’ ಎಂದು ಮತ ಹಾಕಿತು. 2008ರಲ್ಲಿ ಬಹಳಷ್ಟು ದೇಶಗಳು ಮನಸ್ಸು ಬದಲಿಸಿದಾಗಲೂ ಭಾರತ ಬದಲಿಸಲಿಲ್ಲ. ಪ್ರಸ್ತಾವ ಗೆದ್ದಿತು, ಆ ಮಾತು ಬೇರೆ. 2010ರ ನವೆಂಬರ್‌ನಲ್ಲಿ ಇ-ಆಡಳಿತಕ್ಕೆ ಮುಕ್ತ ಮಾನಕಗಳ ನೀತಿ ಬಂತು. ನನ್ನ ಲೆಕ್ಕದಲ್ಲಿ ಈ ನೀತಿ 2015ರದ್ದಕ್ಕಿಂತ ಮುಖ್ಯ. ಕಡತ ಯಾವ ಯಂತ್ರದಲ್ಲೂ ತೆರೆಯುವಂತಿದ್ದರೆ ಮೇಜಿನ ಮೇಲೆ ಏನಿದೆ ಎಂಬುದು ನಿಧಾನವಾಗಿ ಬದಲಾಗಬಹುದು. ತೆರೆಯದಿದ್ದರೆ ಎಷ್ಟು ಬಾಸ್ ಬಂದರೂ ಅಷ್ಟೇ.

ಒಂದು ಸರ್ಕಾರ ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದನ್ನು ಕಾಸರಗೋಡಿನಲ್ಲಿ ನೋಡಬಹುದು. ಕೇರಳದ ಸರ್ಕಾರಿ ಶಾಲೆಗಳು ಐಟಿ ಅಟ್ ಸ್ಕೂಲ್ ಯೋಜನೆಯಲ್ಲಿ ಗ್ನೂ/ಲಿನಕ್ಸ್‌ಗೆ ಹೊರಳಿದವು. ಆ ಯೋಜನೆಯೇ ಮುಂದೆ ಕೈಟ್ ಸಂಸ್ಥೆಯಾಯಿತು. ಹೀಗಾಗಿ ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲಿ ಗಣಕ ಕಲಿಯುವುದು ಸ್ವತಂತ್ರ ತಂತ್ರಾಂಶದ ಮೇಲೆ.

ಪ್ರಶ್ನೆ: ನೆಹರೂ ಪ್ಲೇಸ್‌ನಲ್ಲಿ ಕ್ರ್ಯಾಕ್ ಮಾಡಿದ ವಿಂಡೋಸ್, ಫೋಟೊಶಾಪ್ ಹಾಕಿಕೊಡುತ್ತಾರೆ. ದೊಡ್ಡ ಕಂಪನಿಗೆ ಹಣ ಹೋಗುವುದಿಲ್ಲ. ಇದೂ ಒಂದು ಬಗೆಯ ಸ್ವಾತಂತ್ರ್ಯವಲ್ಲವೇ?
— ಕಾಲೇಜು ವಿದ್ಯಾರ್ಥಿ, ಮಯೂರ್ ವಿಹಾರ್

ಅಲ್ಲ. ಕ್ರ್ಯಾಕ್ ಮಾಡಿದ ಫೋಟೊಶಾಪ್‌ನ ಮೂಲ ಸಂಕೇತ ನಿಮಗೆ ಸಿಕ್ಕಿತೇ? ಅದರೊಳಗೆ ಏನು ಸೇರಿಸಿ ಕೊಟ್ಟಿದ್ದಾರೆಂದು ನೋಡಲಾದೀತೇ? ಬೀಗ ಅದೇ, ಕೀಲಿ ಮಾತ್ರ ಕದ್ದದ್ದು. ಕಂಪನಿಗೂ ಇದರಿಂದ ಪೂರ್ತಿ ನಷ್ಟವಿಲ್ಲ. ಕಾಲೇಜಿನಲ್ಲಿ ಫೋಟೊಶಾಪ್‌ಗೆ ಒಗ್ಗಿದ ಕೈ ನಾಳೆ ಉದ್ಯೋಗದಲ್ಲೂ ಅದನ್ನೇ ಬೇಡುತ್ತದೆ. ಅಮೆರಿಕದ ವಾಣಿಜ್ಯ ಪ್ರತಿನಿಧಿ ಕಚೇರಿ ಹೊರಡಿಸುವ ‘ಕುಖ್ಯಾತ ಮಾರುಕಟ್ಟೆ’ಗಳ ಪಟ್ಟಿಯಲ್ಲಿ ನೆಹರೂ ಪ್ಲೇಸ್ ಹೆಸರು ಹಲವು ಸಲ ಬಂದಿದೆ. ನಮ್ಮ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ ಪ್ರಕಾರ, ಗೊತ್ತಿದ್ದೂ ನಕಲಿ ತಂತ್ರಾಂಶ ಬಳಸುವುದು ಅಪರಾಧ. ವಿಂಡೋಸ್‌ನಲ್ಲೇ ಇರುವುದಾದರೆ ಪರವಾನಗಿ ಸಹಿತ ಇರಿ, ಅದರ ಮೇಲೆ ಗಿಂಪ್, ಇಂಕ್‌ಸ್ಕೇಪ್, ಕ್ರಿತಾ ಹಾಕಿಕೊಳ್ಳಿ. ಮೂರೂ ಸ್ವತಂತ್ರ, ಮೂರೂ ಲಿನಕ್ಸ್‌ನಲ್ಲೂ ಇವೆ.

ಪ್ರಶ್ನೆ: ವಿಂಡೋಸ್ 11ಕ್ಕೆ ಏರಲಾಗದ ಹಳೆಯ ಲ್ಯಾಪ್‌ಟಾಪುಗಳಿಗೆ ಲಿನಕ್ಸ್ ಹಾಕಿಕೊಡುವ ಗುಂಪು ಕಟ್ಟಿದ್ದೇವೆ. ಒಳಗೇ ಎರಡು ಬಣ. ವೈಫೈಗೆ ಬೇಕಾದ ಮುಚ್ಚಿದ ಫರ್ಮ್‌ವೇರ್ ಹಾಕಲೇಬಾರದು ಎಂದು ಒಂದು. ವಿಂಡೋಸ್ ಕೆಟ್ಟವರಿಗೂ ರಿಪೇರಿ ಮಾಡಿಕೊಡೋಣ ಎಂದು ಇನ್ನೊಂದು. ಯಾರು ಸರಿ?
— ಸ್ವಯಂಸೇವಕರು, ದ್ವಾರಕಾ

ವಿಂಡೋಸ್ 11 ಕೇಳುವ ಟಿಪಿಎಂ 2.0 ಭದ್ರತಾ ಚಿಪ್ ಇಲ್ಲ ಎಂಬ ಕಾರಣಕ್ಕೆ ಗಟ್ಟಿಮುಟ್ಟಾದ ಲ್ಯಾಪ್‌ಟಾಪುಗಳು ಗುಜರಿ ಸೇರುತ್ತಿರುವಾಗ ನಿಮ್ಮ ಕೆಲಸಕ್ಕೆ ಬೆಲೆಯಿದೆ. ಜಗಳದ ಬಗ್ಗೆ ಹೇಳುವುದಾದರೆ, ಇದೇ ಜಗಳವನ್ನು ಡೆಬಿಯನ್ ಯೋಜನೆ ಬಹಿರಂಗವಾಗಿ ಆಡಿ ಮುಗಿಸಿದೆ. 1997ರಲ್ಲಿ ಒಪ್ಪಿಕೊಂಡ ಸಾಮಾಜಿಕ ಒಪ್ಪಂದದ ಪ್ರಕಾರ ಡೆಬಿಯನ್ ನೂರಕ್ಕೆ ನೂರು ಸ್ವತಂತ್ರವಾಗಿರಬೇಕು. ಆದರೆ ಫರ್ಮ್‌ವೇರ್ ಇಲ್ಲದೆ ಎಷ್ಟೋ ಯಂತ್ರಗಳಲ್ಲಿ ಅದರ ಅನುಸ್ಥಾಪನೆಯೇ ನಡೆಯುತ್ತಿರಲಿಲ್ಲ. 2022ರಲ್ಲಿ ಸದಸ್ಯರು ಮತ ಹಾಕಿ, ಒಪ್ಪಂದದ ಪಠ್ಯವನ್ನೇ ತಿದ್ದಿ, ಮುಚ್ಚಿದ ಫರ್ಮ್‌ವೇರನ್ನು ಅಧಿಕೃತ ಅನುಸ್ಥಾಪಕದಲ್ಲಿ ಸೇರಿಸಲು ಒಪ್ಪಿದರು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಅದು ಜಾರಿಯಲ್ಲಿದೆ. ಮುಚ್ಚಿದ್ದನ್ನೆಲ್ಲ ಪ್ರತ್ಯೇಕ ವಿಭಾಗದಲ್ಲಿ, ಹೆಸರು ಹಚ್ಚಿ ಇಟ್ಟರು. ಬೇಡ ಎನ್ನುವವರಿಗೆ ಬಿಡುವ ದಾರಿಯನ್ನೂ ಉಳಿಸಿದರು. ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ನ ಶಿಫಾರಸು ಪಟ್ಟಿಯಲ್ಲಿ ಡೆಬಿಯನ್ ಮೊದಲೂ ಇರಲಿಲ್ಲ, ಈಗಲೂ ಇಲ್ಲ. ಟ್ರಿಸ್ಕೆಲ್‌ನಂಥ ಕಟ್ಟುನಿಟ್ಟಿನವು ಇವೆ. ಇಬ್ಬರೂ ತಮ್ಮ ಮಾತಿಗೆ ತಪ್ಪಿದವರಲ್ಲ, ಏಕೆಂದರೆ ಇಬ್ಬರೂ ತಮ್ಮ ಗೆರೆ ಎಲ್ಲಿದೆ ಎಂದು ಬರೆದಿಟ್ಟಿದ್ದಾರೆ.

ನೀವೂ ಬರೆದಿಡಿ. ನನ್ನನ್ನು ಕೇಳಿದರೆ ಕರಡು ಹೀಗಿರಲಿ. ವೈಫೈ ಫರ್ಮ್‌ವೇರ್ ಹಾಕಿ, ಆದರೆ ಯಂತ್ರದ ಯಾವ ಭಾಗ ಮುಚ್ಚಿದ್ದು ಎಂದು ಚೀಟಿಯಲ್ಲಿ ಬರೆದು ಒಡೆಯನ ಕೈಗೆ ಕೊಡಿ. ಮುಂದಿನ ಸಲ ಸ್ವತಂತ್ರ ಚಾಲಕವಿರುವ ಯಂತ್ರ ಕೊಳ್ಳಲು ಅದು ನೆರವಾಗುತ್ತದೆ. ವಿಂಡೋಸ್ ಇಟ್ಟುಕೊಳ್ಳುವವರಿಗೆ ಫೈರ್‌ಫಾಕ್ಸ್, ಲಿಬ್ರೆಆಫೀಸ್, ವಿಎಲ್‌ಸಿ ಹಾಕಿಕೊಡಿ, ಕಡತಗಳನ್ನು ಮುಕ್ತ ಸ್ವರೂಪಕ್ಕೆ ತಂದುಕೊಡಿ. ವಿಂಡೋಸ್‌ನದೇ ರಿಪೇರಿ ಮಾತ್ರ ಬೇಡ, ಅದಕ್ಕೆ ಹಣ ಪಡೆದ ಕಂಪನಿ ಇದೆ, ಅಂಗಡಿಗಳಿವೆ. ನಿಮ್ಮ ಬಿಡುವಿನ ವೇಳೆಯೇ ನಿಮ್ಮ ಬಂಡವಾಳ.

ದೆಹಲಿಗೆ ಈ ಕೆಲಸ ಹೊಸದಲ್ಲ. ರಾಜಪುರ ರಸ್ತೆಯ ಸಿಎಸ್‌ಡಿಎಸ್‌ನಲ್ಲಿದ್ದ ಸರಾಯ್ ಬಳಗ 2000ದ ದಶಕದಲ್ಲಿ ಲಿನಕ್ಸ್‌ಗೆ ಹಿಂದಿಯನ್ನು ತರುವವರಿಗೆ ಆಸರೆಯಾಗಿತ್ತು. ಕನ್ನಡದ ಅನುವಾದಗಳಲ್ಲಿ ಇನ್ನೂ ಎಷ್ಟೋ ಸಾಲುಗಳು ಖಾಲಿ ಇವೆ. ಎರಡೂ ಬಣದವರು ವಾದದ ನಡುವೆ ಲಿಬ್ರೆಆಫೀಸ್‌ನ ಕನ್ನಡ ಅನುವಾದ ಪುಟ ತೆರೆದು ಕೂರಲಿ. ಅಲ್ಲಿ ತುಂಬಿದ ಪ್ರತಿ ಸಾಲೂ ವಿಂಡೋಸ್‌ನವರಿಗೂ ಲಿನಕ್ಸ್‌ನವರಿಗೂ ಒಂದೇ ದಿನ ತಲುಪುತ್ತದೆ.